ಕಾಕಾನ ಮೂಗು, ನನ್ನ ಫಾರ್ಮಿಕ್ ಆಸಿಡ್

ಆ ನೀಲಿ ಕ್ಯಾನುಗಳನ್ನು ನಮ್ಮ ಕಾರ್ಖಾನೆಯೊಳಗೆ ತರಿಸಿದವಳು ನಾನೇ. ಆಮೇಲೆ ಆದ ಎಡವಟ್ಟಿಗೆ ಬೇರೆಯವರ ಕಡೆ ಬೆರಳು ತೋರಿಸುವ ಅವಕಾಶ ನನಗೆ ಎರಡು ಸಲ ಸಿಕ್ಕಿತು. ಮೊದಲ ಸಲ ತೋರಿಸಿಯೂ ಬಿಟ್ಟೆ. ಅದನ್ನು ಮುಚ್ಚಿಟ್ಟುಕೊಂಡು ಈ ಕತೆ ಹೇಳುವುದು ಸರಿಯಲ್ಲ.

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಎಂಐಡಿಸಿ ಎನ್ನುವ ಕೈಗಾರಿಕಾ ಪ್ರದೇಶದಲ್ಲಿ ನೈಲಾನ್ ರಿಬ್ಬನ್ನಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆ ಅದು. ಶಾಲೆಗೆ ಹೋಗುವ ಹುಡುಗಿಯರು ಎರಡು ಜಡೆ ಮಡಚಿ ಕಟ್ಟುತ್ತಾರಲ್ಲ, ಆ ರಿಬ್ಬನ್. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲಿನ ಎರಡು ತಿಂಗಳು ನಮಗೆ ಉಸಿರಾಡಲೂ ಪುರುಸೊತ್ತಿರುತ್ತಿರಲಿಲ್ಲ. ಮೇಲಂತಸ್ತಿನ ಪುಟ್ಟ ಲ್ಯಾಬಿನಲ್ಲಿ ನಾನೊಬ್ಬಳೇ ಕೆಮಿಸ್ಟ್. ಕೆಳಗೆ ಉಗಿ, ಗದ್ದಲ, ಐದು ದೊಡ್ಡ ಸ್ಟೀಲ್ ತೊಟ್ಟಿಗಳು. ಅಲ್ಲಿನ ಯಜಮಾನಿಕೆ ಬಣ್ಣದ ಉಸ್ತುವಾರಿಯ ಡೈಯಿಂಗ್ ಮಾಸ್ಟರರದ್ದು. ಕಲ್ಯಾಣದಿಂದ ಬರುತ್ತಿದ್ದ ಮರಾಠಿ ಗೃಹಸ್ಥರು, ಮಾತು ಕಡಿಮೆ, ಹುಬ್ಬು ಗಂಟಿಕ್ಕುವುದು ಜಾಸ್ತಿ.

ನೈಲಾನ್ ಬಣ್ಣ ಹಿಡಿಯಬೇಕಾದರೆ ನೀರು ಹುಳಿಯಾಗಿರಬೇಕು. ಎಷ್ಟು ಹುಳಿ ಎಂಬುದರಲ್ಲೇ ಇಡೀ ವಿದ್ಯೆ ಇರುವುದು. ಹುಳಿ ಕಡಿಮೆಯಾದರೆ ಬಣ್ಣ ನೀರಿನಲ್ಲೇ ಉಳಿಯುತ್ತದೆ. ಹೆಚ್ಚಾದರೆ ಬಣ್ಣ ಒಮ್ಮೆಲೇ ನುಗ್ಗಿ, ಮೊದಲು ಸಿಕ್ಕ ಎಳೆಯನ್ನು ಗಟ್ಟಿಯಾಗಿ ಹಿಡಿದು, ಉಳಿದದ್ದಕ್ಕೆ ತೆಳ್ಳಗೆ ಬಳಿದು, ಕಲೆಕಲೆ ಮಾಡಿಬಿಡುತ್ತದೆ. ಹುಳಿಯ ಅಳತೆಗೆ ಪಿಎಚ್ ಎನ್ನುತ್ತೇವೆ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ನಮ್ಮ ರಿಬ್ಬನ್ನಿಗೆ ಬೇಕಾದದ್ದು ನಾಲ್ಕೂವರೆ.

ಈ ಹುಳಿ ಹಾಕುವ ಕೆಲಸ ಕಾಕಾನದ್ದು, ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಕಲಬುರಗಿ ಕಡೆಯವರು, ಐವತ್ತರ ಹತ್ತಿರದ ಪ್ರಾಯ. ಲಾರಿಯಿಂದ ಡ್ರಮ್ ಇಳಿಸುವ ಹಮಾಲನಾಗಿ ಸೇರಿ, ಬೆನ್ನು ಕೆಟ್ಟ ಮೇಲೆ ತೊಟ್ಟಿಯ ಕೆಲಸಕ್ಕೆ ಬಂದು, ಹದಿನೆಂಟು ವರ್ಷವಾಗಿತ್ತು. ಆಗ ನಾವು ಬಳಸುತ್ತಿದ್ದದ್ದು ಅಸೆಟಿಕ್ ಆಸಿಡ್, ಅಂದರೆ ವಿನೆಗರಿನ ಹುಳಿ. ಕಾಕಾ ಬಿಸಿನೀರಿನ ತೊಟ್ಟಿಗೆ ಮಗ್ಗಿನಿಂದ ಆಸಿಡ್ ಸುರಿಯುತ್ತಿದ್ದರು, ಕೋಲಿನಿಂದ ಕಲಕುತ್ತಿದ್ದರು, ಬಗ್ಗಿ ಮೂಸುತ್ತಿದ್ದರು. ಇನ್ನರ್ಧ ಮಗ್, ಮತ್ತೆ ಮೂಸುವುದು. ಮೂರನೆಯ ಸಲಕ್ಕೆ ತಲೆಯೆತ್ತಿ "ಆತು" ಎಂದರೆ ಮಾಸ್ಟರರು ಬಣ್ಣ ಸುರಿಸುತ್ತಿದ್ದರು. ಒಂದು ದಿನ ಎಂಐಡಿಸಿ ನಲ್ಲಿಯ ನೀರು, ಇನ್ನೊಂದು ದಿನ ಟ್ಯಾಂಕರ್ ನೀರು. ಟ್ಯಾಂಕರಿನದ್ದಕ್ಕೆ ಒಂದೂವರೆ ಪಟ್ಟು ಆಸಿಡ್ ಬೇಕು. ಯಾವುದೇ ಇರಲಿ, ಕಾಕಾನ "ಆತು" ತಪ್ಪಿದ್ದಿಲ್ಲ. ಹೊಸದಾಗಿ ಸೇರಿದಾಗ ನಾನು ಕದ್ದುಮುಚ್ಚಿ ಆ ನೀರನ್ನು ಮೇಲೆ ಒಯ್ದು ಮೀಟರಿಗೆ ಹಿಡಿದು ನೋಡಿದ್ದೆ. ನಾಲ್ಕೂವರೆಯೇ.

ನಾನು ಡೊಂಬಿವಲಿಯಲ್ಲೇ ಹುಟ್ಟಿದ ಉಡುಪಿ ಕಡೆಯವರ ಮಗಳು. ಮನೆಯಲ್ಲಿ ತುಳು, ಕೆಲಸದಲ್ಲಿ ಹಿಂದಿ, ಮರಾಠಿ. ಕಾರ್ಖಾನೆಯಲ್ಲಿ ನನ್ನ ಕನ್ನಡಕ್ಕೆ ಗಿರಾಕಿ ಎಂದರೆ ಕಾಕಾ ಒಬ್ಬರೇ. ಎಲ್ಲರೆದುರು ಮೇಡಂ, ಯಾರೂ ಇಲ್ಲದಾಗ ತಂಗ್ಯವ್ವ. "ನಿನ್ನ ಕನ್ನಡ ಭಾಳ ಸಣ್ಣಗ ಕತ್ತರಿಸಿದಂಗ ಅದ ತಂಗ್ಯವ್ವಾ" ಎಂದು ನಗುತ್ತಿದ್ದರು. ಅವರ ಕನ್ನಡ ಅರ್ಧ ಅರ್ಥವಾಗದೆ ನಾನೂ ನಗುತ್ತಿದ್ದೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಶಾಲೆ ತೆರೆಯುವ ಮೊದಲ ವಾರ ಉಳಿದ ತುಂಡು ರಿಬ್ಬನ್ನುಗಳನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕಿ, ಕೆಲಸದವರು ಮಕ್ಕಳಿಗೆಂದು ಬೇಕಾದ್ದನ್ನು ಆರಿಸಿಕೊಳ್ಳಬೇಕು. ಕಾಕಾನಿಗೆ ಐದನೆಯ ಕ್ಲಾಸಿನಲ್ಲಿ ಓದುವ ಒಬ್ಬಳು ಮಗಳು. ಅವರು ಪ್ರತಿ ವರ್ಷ ಬಿಳಿಯದನ್ನೇ ಎತ್ತಿಕೊಳ್ಳುತ್ತಿದ್ದರು. "ಇಷ್ಟು ಬಣ್ಣಗಳಿರುವಾಗ ಬಿಳಿ ಎಂತಕ್ಕೆ ಕಾಕಾ?" ಎಂದು ನಾನೇ ಒಮ್ಮೆ ಕೇಳಿದ್ದೆ. "ಬಿಳೀದು ಎಲ್ಲಾಕೂ ನಡೀತದ" ಎಂದಿದ್ದರು. ಇದಕ್ಕೆ ಜಿಪುಣತನ ಅನ್ನಬೇಕೋ, ಸಾದಾತನ ಅನ್ನಬೇಕೋ ಎಂದುಕೊಂಡಿದ್ದೆ.

ಆ ವರ್ಷ ನಮ್ಮ ಹೊರಹೋಗುವ ನೀರಿನ ಬಗ್ಗೆ ತಕರಾರು ಬಂತು. ಬಳಸಿದ ಆಸಿಡ್ ನಾಲೆಗೆ ಹೋದ ಮೇಲೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ, ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಖರ್ಚು ಮಾಡುತ್ತವೆ. ಅಸೆಟಿಕ್‌ನಲ್ಲಿ ಇಂಗಾಲದ ಕಣ ಎರಡು. ಫಾರ್ಮಿಕ್ ಎಂಬ ಇನ್ನೊಂದು ಆಸಿಡ್ಡಿನಲ್ಲಿ ಒಂದೇ. ಸಾವಯವ ಆಮ್ಲಗಳಲ್ಲಿ ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಕೆಂಪಿರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದೇ. ಊರ ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸುವುದಕ್ಕೂ, ಬೇರೆ ಕಡೆ ಚರ್ಮ ಹದ ಮಾಡುವುದಕ್ಕೂ ಅದನ್ನೇ ಬಳಸುತ್ತಾರೆ. ಅಸೆಟಿಕ್‌ಗಿಂತ ಖಡಕ್, ಹಾಗಾಗಿ ಕಡಿಮೆ ಸಾಕು, ನೀರಿಗೂ ಹೊರೆ ಕಡಿಮೆ. ನಾನು ಇದನ್ನೆಲ್ಲ ಎರಡು ಪುಟದಲ್ಲಿ ಬರೆದು ಮಾಲೀಕರಿಗೆ ಕೊಟ್ಟೆ. ಲ್ಯಾಬಿನ ಪುಟ್ಟ ಪಾತ್ರೆಯಲ್ಲಿ ಹನ್ನೆರಡು ಸಲ ರಿಬ್ಬನ್ ಅದ್ದಿ ತೋರಿಸಿದೆ. ಹನ್ನೆರಡೂ ಮುದ್ದಾಗಿ ಬಂದವು. ಮಾಲೀಕರು, ಅಂದರೆ ನಮ್ಮೆಲ್ಲರ ಶೇಠ್, ಒಪ್ಪಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕ್ಯಾನುಗಳು ಬಂದ ದಿನ ಎಲ್ಲರನ್ನೂ ನಿಲ್ಲಿಸಿ ಪಾಠ ಮಾಡಿದೆ. ಕೈಗವಸಿಲ್ಲದೆ ಮುಟ್ಟಬೇಡಿ, ಬೊಕ್ಕೆ ಏಳುತ್ತದೆ. ಇದು ನಿಂತಲ್ಲೇ ನಿಧಾನ ಗ್ಯಾಸ್ ಬಿಡುತ್ತದೆ, ಗಾಳಿ ಹೋಗುವ ಈ ಮುಚ್ಚಳ ಬದಲಾಯಿಸಿ ಬಿಗಿಯಬೇಡಿ. ಮೂಸುವ ಅಭ್ಯಾಸ ಬಿಡಿ. ಮೂಗಿನ ಬದಲು ಪಿಎಚ್ ಪೇಪರಿನ ಡಬ್ಬಿ ಕೊಟ್ಟೆ. ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ, ಬಂದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಿ, ನಾಲ್ಕೂವರೆ ಬಂದಾಗ ನಿಲ್ಲಿಸಿ, ರಿಜಿಸ್ಟರಿನಲ್ಲಿ ಬರೆಯಬೇಕು. "ತಿಳಿಯಿತಾ ಕಾಕಾ?" ಎಂದೆ. ಕಾಕಾ ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡು, "ಹೂಂ ಮೇಡಂ" ಎಂದರು.

ಗಾಢ ಬಣ್ಣಗಳು ಇರುವಷ್ಟು ದಿನ ಏನೂ ಗೊತ್ತಾಗಲಿಲ್ಲ. ಮೇ ತಿಂಗಳಲ್ಲಿ ತಿಳಿನೀಲಿಯ ದೊಡ್ಡ ಆರ್ಡರ್ ಹಿಡಿದೆವು. ಮೊದಲ ಲಾಟ್ ಹೊರಬಂದಾಗ ಲಡಿಗಳ ಮೇಲೆ ಗಾಢ ನೀಲಿಯ ಮಚ್ಚೆಗಳು. ಎರಡನೆಯದೂ ಹಾಗೆಯೇ. ಮೂರನೆಯದು, ಇನ್ನೊಬ್ಬ ಕೆಲಸದವನ ಪಾಳಿಯದು, ಚೆನ್ನಾಗಿ ಬಂತು, ನಾಲ್ಕನೆಯದು ಮತ್ತೆ ಕೆಟ್ಟಿತು. ಕೆಟ್ಟ ಮೂರೂ ಕಾಕಾನ ಪಾಳಿಯವು. ರಿಜಿಸ್ಟರ್ ತೆರೆದು ನೋಡಿದರೆ ಕಾಕಾನ ದಪ್ಪ ಅಕ್ಷರದಲ್ಲಿ ಸಾಲಾಗಿ ನಾಲ್ಕೂವರೆ, ನಾಲ್ಕೂವರೆ, ನಾಲ್ಕೂವರೆ. ಒಂದು ದಿನವೂ ನಾಲ್ಕೂ ಇಲ್ಲ, ಐದೂ ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮಾಸ್ಟರರು ಎದುರಿಗೇ ನಿಂತಿದ್ದರು. "ಕಾಕಾ ಪೇಪರ್ ದೇಖತೇಚ್ ನಹೀ ಹೈ, ಮನಸ್ಸಿಗೆ ಬಂದದ್ದನ್ನು ಬರೆಯುತ್ತಾರೆ" ಎಂದು ಹಿಂದಿಯಲ್ಲೂ ಸಿಟ್ಟಿನಲ್ಲಿ ಕನ್ನಡದಲ್ಲೂ ಹೇಳಿಬಿಟ್ಟೆ. ಮಾಸ್ಟರರಿಗೆ ಕನ್ನಡ ಬರುವುದಿಲ್ಲ, ಆದರೆ ಅರ್ಥವಾಗಲು ಅಷ್ಟು ಸಾಕಿತ್ತು. ಅವರು ರಿಜಿಸ್ಟರ್ ಮುಚ್ಚಿದರು. "ಹಾಗಾದರೆ ಬರೆದು ಕೊಡಿ ಮೇಡಂ. ಸೋಮವಾರ ಶೇಠ್ ಬರುತ್ತಾರೆ. ಕಾಕಾ ಲೋಡಿಂಗ್‌ಗೆ ಹೋಗಲಿ" ಎಂದು ಹಿಂದಿಯಲ್ಲಿ ಹೇಳಿ ಹೊರಟರು.

ಲೋಡಿಂಗ್ ಎಂದರೆ ಮತ್ತೆ ಡ್ರಮ್ ಹೊರುವುದು. ಆ ಬೆನ್ನಿನಲ್ಲಿ ಕಾಕಾ ಒಂದು ತಿಂಗಳು ಬಾಳುವುದು ಅನುಮಾನ. ಅದು ಕೆಲಸ ಬಿಡಿ ಎನ್ನುವುದರ ಇನ್ನೊಂದು ರೂಪ. ಅದು ಗೊತ್ತಿದ್ದೂ ನಾನು ಕಾಗದ ತೆಗೆದುಕೊಂಡು ಕುಳಿತೆ. ಕಣ್ಣಾರೆ ಒಮ್ಮೆ ನೋಡದೆ ಬರೆಯಬಾರದು ಎಂದು ಅನ್ನಿಸಿದ್ದರಿಂದ ಕೆಳಗಿಳಿದೆ. ಅಷ್ಟೊಂದು ಒಳ್ಳೆಯ ಬುದ್ಧಿ ಎಲ್ಲಿಂದ ಬಂತೋ, ಈಗಲೂ ಆಶ್ಚರ್ಯ.

ಅದು ಶುಕ್ರವಾರ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು, ಕಾಕಾ ಮಾತ್ರ ಮುಂದಿನ ಲಾಟಿಗೆ ತೊಟ್ಟಿ ತಯಾರು ಮಾಡುತ್ತಿದ್ದರು. ನಾನು ಕಂಬದ ಪಕ್ಕ ನಿಂತು ನೋಡಿದೆ. ಆಸಿಡ್ ಸುರಿದರು, ಕಲಕಿದರು. ಜೇಬಿನಿಂದ ಡಬ್ಬಿ ತೆಗೆದು ಪಟ್ಟಿ ಹರಿದು ನೀರಿಗೆ ಅದ್ದಿದರು. ಪೇಪರ್ ನೋಡುವುದೇ ಇಲ್ಲ ಎಂದು ನಾನು ದೂರಿದ್ದು ಅಲ್ಲಿಗೇ ಸುಳ್ಳಾಯಿತು. ಆಮೇಲೆ ಕಾಕಾ ಆ ಒದ್ದೆ ಪಟ್ಟಿಯನ್ನು ಡಬ್ಬಿಗೆ ಹೋಲಿಸಲಿಲ್ಲ. ಮೂಗಿಗೆ ಹಿಡಿದರು.

"ಕಾಕಾ" ಎಂದೆ. ಬೆಚ್ಚಿಬಿದ್ದರು.

ಪಟ್ಟಿಯನ್ನು ನಾನು ಇಸಿದುಕೊಂಡೆ. ಕೆಂಪಿಗೆ ಹತ್ತಿರದ ಕಿತ್ತಳೆ, ಅಂದರೆ ಮೂರರ ಆಸುಪಾಸು. "ಇದು ಡಬ್ಬಿಯ ಯಾವ ಬಣ್ಣದ ಹಾಗೆ ಉಂಟು, ತೋರಿಸಿ" ಎಂದೆ. ಕಾಕಾ ಬಹಳ ಹೊತ್ತು ನೋಡಿದರು. ಬೆರಳು ಕಿತ್ತಳೆಯ ಮೇಲೆ ನಿಂತಿತು, ಅಲ್ಲಿಂದ ಸರಿದು ಹಸಿರಿನ ಮೇಲೆ ಹೋಯಿತು, ಮತ್ತೆ ವಾಪಸು ಬಂತು.

"ಇವೆರಡೂ ಒಂದೇ ಅಲ್ಲೇನು?" ಎಂದರು ಮೆಲ್ಲಗೆ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಇಬ್ಬರೂ ತೊಟ್ಟಿಯ ಪಕ್ಕದ ಮೆಟ್ಟಿಲ ಮೇಲೆ ಕುಳಿತೆವು. ಕಾಕಾ ತಮ್ಮ ಕೈಗವಸನ್ನೇ ನೋಡುತ್ತ ಹೇಳಿದರು: "ಸಣ್ಣಾಂವ ಇದ್ದಾಗ ನಮ್ಮವ್ವ ಮೆಣಸಿನಕಾಯಿ ಬಿಡಸ್ಲಕ್ಕ ಹೊಲಕ್ಕ ಕರ್ಕೊಂಡು ಹೋಗ್ತಿದ್ಳು. ಕೆಂಪಾಗಿದ್ದಷ್ಟೇ ಬಿಡಸು ಅಂತಿದ್ಳು. ನಾ ಹಸೀವು, ಹಣ್ಣಾಗಿದ್ದು ಎಲ್ಲಾ ಕೂಡಸಿ ಬುಟ್ಟಿ ತುಂಬ್ತಿದ್ದೆ. ಎಲ್ಲಾರೂ ನಗ್ತಿದ್ರು. ಅವ್ವಗ ಮಾತ್ರ ತಿಳೀತು. ಯಾರಿಗೂ ಹೇಳ್ಬ್ಯಾಡಪ್ಪ, ನಿಂಗ ಹೆಣ್ಣು ಕೊಡಾಂಗಿಲ್ಲ ಅಂದ್ಳು."

"ಮತ್ತೆ ಬಣ್ಣದ ಕಾರ್ಖಾನೆಗೇ ಬಂದಿರಲ್ಲ ಮಾರಾಯ್ರೆ!"

ಕಾಕಾ ನಕ್ಕುಬಿಟ್ಟರು. "ನಾ ಎಲ್ಲಿ ಬಣ್ಣ ಮುಟ್ಟೀನಿ? ನಂದು ಬರೇ ಹುಳಿ. ಅದಕ್ಕ ಮೂಗಿದ್ರ ಸಾಕಿತ್ತು."

"ರಿಜಿಸ್ಟರಿನಲ್ಲಿ ನಾಲ್ಕೂವರೆ ಬರೆದದ್ದು?"

"ನೀನೇ ಹೇಳಿದ್ದಿಯಲ್ಲ ತಂಗ್ಯವ್ವಾ, ನಾಕೂವರಿ ಬರಬೇಕಂತ. ಅದನ್ನೇ ಬರದೀನಿ." ಆಮೇಲೆ ಕೈಗವಸು ಕಳಚುತ್ತ ಹೇಳಿದರು: "ಮಾಸ್ತರ್‌ಗ ಹೇಳ್ಬ್ಯಾಡ. ಬಣ್ಣ ಕಾಣದಾಂವ ಡೈಯಿಂಗ್‌ನಾಗ ಹದಿನೆಂಟು ವರ್ಷ ಇದ್ದ ಅಂದ್ರ ನಕ್ಕು ಹೊರಗ ಹಾಕ್ತಾರ."

ಮೇಲೆ ಹೋಗಿ ಕುಳಿತೆ. ಹಾಗಾದರೆ ಹದಿನೆಂಟು ವರ್ಷ ಆ ಮೂಗು ಹೇಗೆ ಸರಿಯಾಗಿತ್ತು, ಈಗ ಮಾತ್ರ ಯಾಕೆ ತಪ್ಪಿತು? ಕಾಗದದ ಹಿಂದುಗಡೆ ಲೆಕ್ಕ ಹಾಕುತ್ತ ಹೋದಂತೆ ನನಗೆ ನಾಚಿಕೆಯಾಯಿತು. ಆಸಿಡ್ ನೀರಿನ ಕ್ಷಾರದ ಜೊತೆ ಸೇರಿ ಉಪ್ಪಾಗಿ ಹೋಗುತ್ತಿರುವಷ್ಟು ಹೊತ್ತು ಅದಕ್ಕೆ ವಾಸನೆಯಿರುವುದಿಲ್ಲ. ಆಸಿಡ್ ಆಸಿಡ್ಡಾಗಿಯೇ ಉಳಿಯತೊಡಗಿದಾಗ ಮಾತ್ರ ಆವಿಯಾಗಿ ಮೇಲೆ ಬರುತ್ತದೆ. ಅಸೆಟಿಕ್ ಹಾಗೆ ಧಾರಾಳವಾಗಿ ಉಳಿಯುವುದು ನಾಲ್ಕೂವರೆಯ ಅಕ್ಕಪಕ್ಕದಲ್ಲೇ. ಕಾಕಾನ ಮೂಗಿಗೆ ಘಮ್ಮೆನ್ನುವುದೂ, ರಿಬ್ಬನ್ನಿಗೆ ಹದ ಬರುವುದೂ ಒಂದೇ ಹೊತ್ತಿಗೆ. ನೀರು ಯಾವುದಾದರೂ ಅಷ್ಟೇ. ಫಾರ್ಮಿಕ್ ಖಡಕ್ ಆಸಿಡ್. ನಾಲ್ಕೂವರೆಯಲ್ಲಿ ಅದು ಬಹುಪಾಲು ಉಪ್ಪಾಗಿಯೇ ಇರುತ್ತದೆ, ವಾಸನೆ ಬಿಟ್ಟುಕೊಡುವುದಿಲ್ಲ. ಮೂಗಿಗೆ ಚುಚ್ಚುವಷ್ಟರಲ್ಲಿ ಮೂರೂವರೆಗೆ ಇಳಿದಿರುತ್ತದೆ. ಕಾಕಾ ಪಾಪ, ಎಂದಿನಂತೆ ವಾಸನೆಗೆ ಕಾಯುತ್ತಿದ್ದರು. ನಾನು ಅವರ ಮೂಗನ್ನು ಕಿತ್ತುಕೊಂಡು, ನನ್ನ ಕಣ್ಣಿಗೆ ಕಾಣುವಂಥ ಕಾಗದವನ್ನು ಕೈಗೆ ಕೊಟ್ಟಿದ್ದೆ.

ಮಾಸ್ಟರರಿಗೆ ಕೊಡಬೇಕಾಗಿದ್ದ ವರದಿಯನ್ನು ಬರೆಯುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಅಸೆಟಿಕ್‌ಗೆ ವಾಪಸು ಹೋಗುವುದೂ ಸಾಧ್ಯವಿರಲಿಲ್ಲ, ನಾಲೆಯ ತಕರಾರು ಹಾಗೆಯೇ ಇತ್ತು. ಲೆಕ್ಕ ಮಾಡಿ ಇಷ್ಟೇ ಮಗ್ ಎಂದು ಗೊತ್ತುಮಾಡೋಣ ಎಂದರೆ ದಿನಕ್ಕೊಂದು ನೀರು. ಪೆನ್ನಿನಂಥ ಮೀಟರೊಂದು ಹಿಂದೆ ತಂದಿದ್ದೆವು, ಬಿಸಿನೀರಿನಲ್ಲಿ ಹದಿನೈದು ದಿನಕ್ಕೆ ಸತ್ತಿತ್ತು. ಉಳಿದದ್ದು ಒಂದೇ ದಾರಿ, ಕಾಕಾನ ಕಣ್ಣಿಗೆ ಕಾಣುವ ಪರೀಕ್ಷೆ ಹುಡುಕುವುದು. ಸೋಮವಾರದೊಳಗೆ.

ಮೂರು ಗಂಟೆಗೆ ಕಾಕಾನನ್ನು ಮೇಲೆ ಕರೆದು, ಲೋಡಿಂಗ್ ಮಾತನ್ನೂ ಸೋಮವಾರದ ಗಡುವನ್ನೂ ಮುಚ್ಚಿಡದೆ ಹೇಳಿದೆ. ಲ್ಯಾಬಿನಲ್ಲಿದ್ದ ರಿಬ್ಬನ್ ಮಾದರಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, "ಒಂದೇ ಥರದ್ದನ್ನು ಒಟ್ಟಿಗೆ ಇಡಿ" ಎಂದೆ. ಕಾಕಾ ಮೊದಲು ಪರೀಕ್ಷೆಗೆ ಕುಳಿತವರಂತೆ ಹೆದರಿದರು. ಆಮೇಲೆ ಇದರಲ್ಲಿ ಫೇಲ್ ಇಲ್ಲ ಎಂದು ತಿಳಿದು ಉತ್ಸಾಹ ಬಂತು. ಕೆಂಪು, ಕಂದು, ಎಲೆಹಸಿರು ಒಂದು ರಾಶಿ. ಗುಲಾಬಿ ಮತ್ತು ಬೂದಿ ಇನ್ನೊಂದು. ಹಳದಿಯನ್ನು ಮಾತ್ರ ಥಟ್ಟನೆ ಬೇರೆ ಇಟ್ಟರು. ನೀಲಿಯನ್ನೂ ಅಷ್ಟೇ. ಮೂವತ್ತು ತುಂಡುಗಳಲ್ಲಿ ಹಳದಿ, ನೀಲಿ ಒಂದೂ ತಪ್ಪಲಿಲ್ಲ. "ನೀಲಿ ಚಲೋ ಕಾಣ್ತದ ನಂಗ. ನೀಲಿ ನೋಡಿದ್ರ ಜೀವಕ್ಕ ಸಮಾಧಾನ" ಎಂದು ತಿಳಿನೀಲಿಯ ತುಂಡನ್ನು ಬೆರಳಿನಿಂದ ಸವರಿದರು. ಆ ತಿಳಿನೀಲಿಯಿಂದಲೇ ಅವರ ಕೆಲಸಕ್ಕೆ ಕುತ್ತು ಬಂದಿತ್ತು.

ಹಳದಿ ಮತ್ತು ನೀಲಿ. ಕಾಲೇಜಿನಲ್ಲಿ ಬಳಸುತ್ತಿದ್ದ ಒಂದು ಸೂಚಕ ನೆನಪಾಯಿತು, ಬ್ರೋಮೊಕ್ರೆಸಾಲ್ ಗ್ರೀನ್. ಹುಳಿ ಹೆಚ್ಚಿದ್ದರೆ ಹಳದಿ, ಕಡಿಮೆಯಿದ್ದರೆ ನೀಲಿ, ನಮಗೆ ಬೇಕಾದ ನಾಲ್ಕೂವರೆಯ ಹೊತ್ತಿಗೆ ನಡುವಿನ ಹಸಿರು. ಸಂಜೆಯ ಲೋಕಲ್ ಹಿಡಿದು ಠಾಣೆಗೆ ಹೋಗಿ, ಸ್ಟೇಷನ್ ಹತ್ತಿರ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಸೀಸೆ ತಂದೆ. ಶನಿವಾರ ಬೆಳಿಗ್ಗೆ ಸ್ಪಿರಿಟ್ಟಿನಲ್ಲಿ ಕರಗಿಸಿ, ಹನಿ ಹಾಕುವ ಬಾಟಲಿಗೆ ತುಂಬಿದೆ. ಗಾಜಿನ ಪ್ರನಾಳದಲ್ಲಿ ನಾಲ್ಕೂವರೆ ಪಿಎಚ್‌ನ ನೀರು ಹಾಕಿ ಎರಡು ಹನಿ ಬಿಟ್ಟು ಕಾಕಾನ ಮುಂದೆ ಹಿಡಿದೆ.

"ಎಂತ ಕಾಣ್ತದೆ?"

"ಹಳದೀನೂ ಅಲ್ಲ, ನೀಲೀನೂ ಅಲ್ಲ." ಕಾಕಾ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಬೂದಿ. ಒಲಿಯಾಗಿನ ಬೂದಿ ಇರ್ತದಲ್ಲ, ಹಂಗ."

ನನಗೆ ಎದ್ದು ಕಾಣುವ ಹಸಿರು. ಪರವಾಗಿಲ್ಲ. ನಾಲ್ಕಕ್ಕಿಂತ ಕೆಳಗಿನದನ್ನು ಕೊಟ್ಟೆ, "ಹಳದಿ" ಎಂದರು. ಐದೂವರೆ ಕೊಟ್ಟೆ, "ನೀಲಿ." ಹತ್ತು ಸಲ ಹಿಂದೆ ಮುಂದೆ ಮಾಡಿ ಕೊಟ್ಟೆ. ಹತ್ತು ಸಲವೂ ನಾಲ್ಕೂವರೆಗೆ ಮಾತ್ರ ಬೂದಿ. ನನಗಿಂತ ಚುರುಕಾಗಿ ಹೇಳುತ್ತಿದ್ದರು.

ಗೆದ್ದೆವೆಂದು ಕೆಳಗೆ ಓಡಿದೆವು. ತೊಟ್ಟಿಯಲ್ಲಿ ಆಸಿಡ್ ಹಾಕಿ, ಪ್ರನಾಳದಲ್ಲಿ ನೀರೆತ್ತಿ, ಎರಡು ಹನಿ ಬಿಟ್ಟರೆ ನೀಲಿ. ಇನ್ನಷ್ಟು ಹಾಕಿದರು, ನೀಲಿ. "ಇನ್ನೊಂದು ಮಗ್ ಹಾಕ್ಲೇನು?" ಎಂದು ಕಾಕಾ ಕೇಳಿದಾಗ ಕೆಂಪಿರುವೆಯ ಖಾರ ವಾಸನೆ ನನ್ನ ಮೂಗಿಗೇ ಹೊಡೆಯುತ್ತಿತ್ತು. ಮೇಲೆ ಓಡಿ ಮೀಟರಿಗೆ ಹಿಡಿದರೆ ಮೂರೂವರೆ. ಹಳದಿಯಾಗಬೇಕಾದದ್ದು ನೀಲಿ ತೋರಿಸುತ್ತಿತ್ತು! ಮೆಟ್ಟಿಲ ಮೇಲೆಯೇ ಕುಸಿದು ಕುಳಿತೆ. ಕಾಕಾ ಬಂದು ಪಕ್ಕದಲ್ಲಿ ನಿಂತರು. "ಹೋಗ್ಲಿ ಬಿಡು ತಂಗ್ಯವ್ವಾ. ನೀ ಇಷ್ಟು ಮಾಡಿದಿ. ನಾ ಲೋಡಿಂಗ್‌ಗ ಹೋಗ್ತೀನಿ" ಎಂದರು. ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬಂತಲ್ಲ ಎಂದು ನನಗೆ ಅಳು ಬಂತು. ಅತ್ತೂಬಿಟ್ಟೆ.

ಅತ್ತಾದ ಮೇಲೆ ತಲೆ ಓಡಿತು. ಲ್ಯಾಬಿನ ನೀರಿನಲ್ಲಿ ಇರದೆ ತೊಟ್ಟಿಯ ನೀರಿನಲ್ಲಿ ಇದ್ದದ್ದು ಏನು? ಬಣ್ಣ ಸಮನಾಗಿ ಹರಡಲೆಂದು ಆಸಿಡ್‌ಗಿಂತ ಮೊದಲೇ ಸುರಿಯುವ ಸೋಪಿನಂಥ ಎಣ್ಣೆ. ಅದು ಸೂಚಕವನ್ನು ಹಿಡಿದುಕೊಂಡು ಸುಳ್ಳು ಬಣ್ಣ ತೋರಿಸುತ್ತಿತ್ತು. ಪ್ರನಾಳದ ಶುದ್ಧ ನೀರಿಗೆ ಒಂದು ಹನಿ ಆ ಎಣ್ಣೆ ಹಾಕಿ ನೋಡಿದೆ, ಹಸಿರು ಕಣ್ಣೆದುರೇ ನೀಲಿಗೆ ತಿರುಗಿತು. ಹಾಗಾದರೆ ಸರದಿ ಬದಲಾಗಬೇಕು. ಮೊದಲು ನೀರು, ಆಮೇಲೆ ಆಸಿಡ್, ಪರೀಕ್ಷೆ, ಅದರ ನಂತರವೇ ಎಣ್ಣೆ, ಕೊನೆಗೆ ಬಣ್ಣ.

ತೊಟ್ಟಿ ಖಾಲಿ ಮಾಡಿ ಹೊಸ ನೀರು ತುಂಬಿಸಿದೆವು. ಟ್ಯಾಂಕರಿನ ನೀರು. ಕಾಕಾ ಆಸಿಡ್ಡನ್ನು ಮೊದಲೇ ನೀರಿನಲ್ಲಿ ತೆಳ್ಳಗೆ ಮಾಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ನೀಲಿ. ಮತ್ತೆ ಸ್ವಲ್ಪ. ನೀಲಿ. ಕಾಕಾ ಅಭ್ಯಾಸಬಲದಿಂದ ಬಗ್ಗಲು ಹೋಗಿ ನನ್ನನ್ನು ನೋಡಿ ನೆಟ್ಟಗಾದರು. ಇನ್ನೊಂದು ಚೂರು ಹಾಕಿ ಕಲಕಿ, ಪ್ರನಾಳವನ್ನು ಬಾಗಿಲ ಬೆಳಕಿಗೆ ಹಿಡಿದು, "ಬೂದಿ. ಆತು" ಎಂದರು. ಮೀಟರಿನಲ್ಲಿ ನಾಲ್ಕು ಪಾಯಿಂಟ್ ಆರು.

ಆ ಲಾಟ್ ಸಂಜೆ ಹೊರಬಂದಾಗ ಮಾಸ್ಟರರೇ ಲಡಿ ಬಿಚ್ಚಿ ನೋಡಿದರು. ಒಂದು ಮಚ್ಚೆಯಿಲ್ಲ. "ರಿಪೋರ್ಟ್?" ಎಂದರು. ಬೆರಳು ತೋರಿಸುವ ಎರಡನೆಯ ಅವಕಾಶ ಅದು. "ಬರೆಯಲು ಏನೂ ಇಲ್ಲ ಸರ್. ನಾನು ಕೊಟ್ಟ ಪರೀಕ್ಷೆಯೇ ತಪ್ಪಾಗಿತ್ತು. ಲ್ಯಾಬಿಗೆ ಸರಿ, ತೊಟ್ಟಿಗಲ್ಲ. ಶೇಠ್‌ಗೆ ನಾನೇ ಹೇಳುತ್ತೇನೆ" ಎಂದೆ. ಅವರು ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೂ ಕಾಕಾನನ್ನೂ ನೋಡಿದರು, ಲಡಿಯನ್ನು ಮತ್ತೆ ಸುತ್ತಿಟ್ಟರು. ಸೋಮವಾರ ಮಾಲೀಕರಿಂದ ಚೆನ್ನಾಗಿಯೇ ಬೈಸಿಕೊಂಡೆ. ಕಲೆಬಿದ್ದ ಲಾಟುಗಳನ್ನು ಗಾಢನೀಲಿಗೆ ತಿರುಗಿಸಿ ಹೇಗೋ ದಡ ಮುಟ್ಟಿಸಿದೆವು.

ತೊಟ್ಟಿಯ ಪಕ್ಕದ ಗೋಡೆಗೆ ನಾನು ಹೊಸ ಸೂಚನೆ ಅಂಟಿಸಿದೆ. ಹಸಿರು ಬಂದಾಗ ನಿಲ್ಲಿಸಿ ಎಂದು ಹಿಂದಿಯಲ್ಲಿ ಬರೆದಿದ್ದೆ. ಆದರೆ ಆಸಿಡ್ ಕೆಲಸ ಎಲ್ಲರಿಗೂ ಕಲಿಸಿದ್ದು ಕಾಕಾ, ಹಾಗಾಗಿ ಉಳಿದವರೂ ಪ್ರನಾಳ ಎತ್ತಿ "ರಾಖ್ ಆಯಾ", ಅಂದರೆ ಬೂದಿ ಬಂತು, ಎನ್ನತೊಡಗಿದರು. ಎದುರಿಗೆ ಹಚ್ಚಹಸಿರು ಕಾಣುತ್ತಿದ್ದರೂ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಒಂದು ದಿನ ಮಾಸ್ಟರರೂ ಹಾಗೆಯೇ ಅಂದರು.

ಜೂನ್‌ನಲ್ಲಿ ರಿಬ್ಬನ್ ತುಂಡುಗಳ ರಾಶಿ ಮೇಜಿನ ಮೇಲೆ ಬಿತ್ತು. ಎಲ್ಲರೂ ಮುಗಿಬಿದ್ದು ಆರಿಸುತ್ತಿದ್ದರು. ಕಾಕಾ ಎಂದಿನಂತೆ ಕೊನೆಗೆ ಬಂದರು. ಬಿಳಿಯದು ಮೇಲೆಯೇ ಇತ್ತು. ಅದನ್ನು ಎತ್ತಿಕೊಂಡರು, ಒಂದು ನಿಮಿಷ ಹಿಡಿದುಕೊಂಡು ನಿಂತರು, ಮತ್ತೆ ಇಟ್ಟರು.

"ಇದರಾಗ ಕೆಂಪು ಯಾವುದು ತಂಗ್ಯವ್ವಾ?" ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಕೇಳಿದರು. ಆಮೇಲೆ ಉಳಿದವರಿಗೆಂದು ಹಿಂದಿಯಲ್ಲಿ, "ಮೇರೇಕೋ ಲಾಲ್ ನಹೀ ದಿಖ್ತಾ. ಬಚಪನ್ ಸೇ. ಬೇಟಿ ಕಬ್ ಸೇ ಲಾಲ್ ಮಾಂಗ್ ರಹೀ ಹೈ" ಎಂದರು. ಚಿಕ್ಕಂದಿನಿಂದ ತಮಗೆ ಕೆಂಪು ಕಾಣುವುದಿಲ್ಲ, ಮಗಳು ಯಾವಾಗಿನಿಂದಲೋ ಕೆಂಪನ್ನೇ ಕೇಳುತ್ತಿದ್ದಾಳೆ ಎಂದು.

ಯಾರೂ ನಗಲಿಲ್ಲ. ನನ್ನ ಕೈ ಮುಂದೆ ಹೋಗುವ ಮೊದಲೇ ಮಾಸ್ಟರರು ರಾಶಿಯೊಳಗೆ ಕೈ ಹಾಕಿ ಒಂದು ಕೆಂಪು ರಿಬ್ಬನ್ ಹಿರಿದು ತೆಗೆದರು. ಅದರಲ್ಲೆಲ್ಲೂ ಮಚ್ಚೆಯಿಲ್ಲವೆಂದು ತುದಿಯಿಂದ ತುದಿಗೆ ನೋಡಿದರು. ಎರಡು ಜಡೆಗೆ ಸಾಕಾಗುವಷ್ಟನ್ನು ತೋಳಿನಲ್ಲಿ ಅಳೆದು, ಕತ್ತರಿಸಿ, ಸುತ್ತಿ, ಕಾಕಾನ ಅಂಗಿಯ ಜೇಬಿನಲ್ಲಿಟ್ಟರು.